ರಾಕ್ ಎಲ್‌ಪಿ ಹುಡುಕಿಕೊಂಡು ಬಳ್ಳಾರಿಯಿಂದ ಹೊರಡುವವರಿಗೆ: ಎಲ್ಲಿ ನೋಡಬೇಕು, ಹೇಗೆ ಪರೀಕ್ಷಿಸಬೇಕು, ಏನು ಮಾತಾಡಬೇಕು

ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ರಾಯಚೂರು ಕಡೆಯ ಓದುಗರು ಕೆಲವು ಕಾಲದಿಂದ ಒಂದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿದ್ದಾರೆ. ಹಳೆಯ ರಾಕ್ ಆಲ್ಬಮ್ಮುಗಳ ಎಲ್‌ಪಿ ರೆಕಾರ್ಡುಗಳು ಎಲ್ಲಿ ಸಿಗುತ್ತವೆ, ಸಿಕ್ಕಿದ್ದು ಕೊಳ್ಳಲು ಯೋಗ್ಯವೇ ಎಂದು ತಿಳಿಯುವುದು ಹೇಗೆ, ಅಂಗಡಿಯವರ ಎದುರು ಏನೂ ಗೊತ್ತಿಲ್ಲದವರಂತೆ ನಿಲ್ಲದೆ ಮಾತಾಡುವುದು ಹೇಗೆ? ಮೂರು ಪ್ರಶ್ನೆಗಳಂತೆ ಕಂಡರೂ ಇವುಗಳ ಉತ್ತರಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆಲ್ಬಮ್ಮನ್ನು ಮೊದಲೇ ಚೆನ್ನಾಗಿ ಕೇಳಿ ಬಲ್ಲವರು ಮಾತ್ರ ಅದರ ರೆಕಾರ್ಡನ್ನು ಸರಿಯಾಗಿ ಪರೀಕ್ಷಿಸಬಲ್ಲರು ಎಂಬುದು ನನ್ನ ಖಚಿತ ಅಭಿಪ್ರಾಯ. ಹಣ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ತಪ್ಪು ಆಲ್ಬಮ್ ಕೊಂಡವರಲ್ಲ. ಒಳ್ಳೆಯ ಆಲ್ಬಮ್ಮಿನ ಸವೆದ ಪ್ರತಿಯನ್ನು ಕವರಿನ ಅಂದಕ್ಕೆ ಮರುಳಾಗಿ ಕೊಂಡವರು.

ಮೊದಲು ಮೂರು ಬಗೆಯ ರೆಕಾರ್ಡುಗಳನ್ನು ಗುರುತಿಸಲು ಕಲಿಯಿರಿ. ನಮ್ಮ ಹಿರಿಯರು ‘ಪ್ಲೇಟು’ ಎಂದು ಕರೆಯುವ, ಕೈ ತಪ್ಪಿ ಬಿದ್ದರೆ ಒಡೆದು ಚೂರಾಗುವ ಭಾರದ ರೆಕಾರ್ಡು ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಅದನ್ನು ಅರಗಿನಿಂದ ಮಾಡುತ್ತಿದ್ದರು ಮತ್ತು ಅದರ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಎರಡನೆಯದು 7 ಅಂಗುಲದ ಚಿಕ್ಕ ರೆಕಾರ್ಡು. ಬದಿಗೆ ಒಂದೋ ಎರಡೋ ಹಾಡಿರುತ್ತದೆ. ಮೂರನೆಯದೇ ಎಲ್‌ಪಿ, ಅಂದರೆ ಲಾಂಗ್ ಪ್ಲೇ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಬಳಕೆಗೆ ತಂದ, 12 ಅಂಗುಲ ಅಗಲದ, ನಿಮಿಷಕ್ಕೆ 33⅓ ಸುತ್ತು ತಿರುಗುವ ಪ್ಲಾಸ್ಟಿಕ್ ರೆಕಾರ್ಡು ಇದು. ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ. ರಾಕ್ ಆಲ್ಬಮ್ಮುಗಳೆಲ್ಲ ಹೆಚ್ಚುಕಡಿಮೆ ಈ ರೂಪದಲ್ಲೇ ಬಂದಿವೆ. ಆದ್ದರಿಂದ ಗುಜರಿಯಲ್ಲಿ ಅರಗಿನ ಪ್ಲೇಟುಗಳ ರಾಶಿ ಕಂಡರೆ ಅದರಲ್ಲಿ ರಾಕ್ ಹುಡುಕುತ್ತ ಹೊತ್ತು ಕಳೆಯಬೇಡಿ.

ಹಂತ 1: ರೆಕಾರ್ಡಿಗಿಂತ ಮೊದಲು ಪ್ಲೇಯರ್

ಪ್ಲೇಯರ್ ಇಲ್ಲದೆ ರೆಕಾರ್ಡು ಕೂಡಿಹಾಕುವುದು ಗೋಡೆಗೆ ಅಲಂಕಾರವಾದೀತೇ ಹೊರತು ಸಂಗೀತವಾಗುವುದಿಲ್ಲ. ಸೂಟ್‌ಕೇಸಿನ ಆಕಾರದಲ್ಲಿ ಬರುವ ಅಗ್ಗದ ಪ್ಲೇಯರುಗಳನ್ನು ನಾನು ಸೂಚಿಸುವುದಿಲ್ಲ. ಅವುಗಳಲ್ಲಿ ಬಹುತೇಕ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ಕಾರ್ಟ್ರಿಜ್ ಅಂದರೆ ಮುಳ್ಳನ್ನು ಹಿಡಿದುಕೊಂಡು ಅದರ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ. ಸೆರಾಮಿಕ್ ಬಗೆಯದು ರೆಕಾರ್ಡಿನ ಮೇಲೆ ಹೆಚ್ಚು ಭಾರ ಹಾಕಿ, ಸಂಗೀತ ಕೆತ್ತಿರುವ ಗೆರೆಗಳನ್ನು ಬೇಗ ಸವೆಸುತ್ತದೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವ, ಮುಳ್ಳಿನ ಭಾರವನ್ನು ಹೊಂದಿಸಲು ಬರುವ ಟರ್ನ್‌ಟೇಬಲ್ಲನ್ನೇ ಕೇಳಿ ತೆಗೆದುಕೊಳ್ಳಿ. ಇಂಥವುಗಳಿಗೆ ಸಾಮಾನ್ಯವಾಗಿ 1.5ರಿಂದ 3 ಗ್ರಾಂ ಭಾರ ಸಾಕು. ನಿಖರ ಅಂಕಿಯನ್ನು ಕಾರ್ಟ್ರಿಜ್ಜಿನ ಕಂಪನಿಯೇ ಸೂಚಿಸಿರುತ್ತದೆ. ಜೊತೆಗೆ ಫೋನೊ ಪ್ರೀಆಂಪ್ ಬೇಕು. ರೆಕಾರ್ಡು ಕೆತ್ತುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ ತಾರ ಸ್ವರಗಳನ್ನು ಏರಿಸಿರುತ್ತಾರೆ. ನುಡಿಸುವಾಗ ಅದನ್ನು ಮರಳಿ ಸರಿದೂಗಿಸುವ, ಕ್ಷೀಣ ಸಂಕೇತವನ್ನು ಬಲಪಡಿಸುವ ಪೆಟ್ಟಿಗೆಯೇ ಇದು. ಕೆಲವು ಪ್ಲೇಯರುಗಳಲ್ಲಿ ಒಳಗೇ ಇರುತ್ತದೆ.

ಅಮೆರಿಕದಿಂದ ಯಾರೋ ತಂದು ಬಿಟ್ಟುಹೋದ ಟರ್ನ್‌ಟೇಬಲ್ ಅಗ್ಗಕ್ಕೆ ಸಿಕ್ಕರೆ ಹಿಂಬದಿಯ ಫಲಕವನ್ನು ಓದದೆ ಪ್ಲಗ್ ಹಾಕಬೇಡಿ. ಅದು 110 ವೋಲ್ಟಿನದಾದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಸಮಸ್ಯೆ ಅಲ್ಲಿಗೇ ಮುಗಿಯದು. ಹಳೆಯ ಮೋಟಾರುಗಳ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುವುದರಿಂದ, 60 ಹರ್ಟ್ಸ್‌ಗೆಂದು ಮಾಡಿದ್ದು ನಮ್ಮ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ, ಗಾಯಕನ ದನಿ ಗೊಗ್ಗರಾಗಿ ಕೇಳುತ್ತದೆ.

ಹಂತ 2: ಊರಿನಲ್ಲೇ ಒಂದು ಸುತ್ತು

ಬಳ್ಳಾರಿಯಲ್ಲಿ ಬ್ರೂಸ್‌ಪೇಟೆ, ಕೌಲ್‌ಬಜಾರ್ ಕಡೆ, ರಾಯಚೂರಿನಲ್ಲಿ ತೀನ್ ಕಂದೀಲ್ ಸುತ್ತಮುತ್ತ, ಹಳೆಯ ರೇಡಿಯೊ ರಿಪೇರಿ ಮಾಡುವವರನ್ನು ಮತ್ತು ಗುಜರಿಯವರನ್ನು ವಿಚಾರಿಸಿ ನೋಡಿ. ಇವರು ಹೆಚ್ಚಾಗಿ ನಿಮ್ಮನ್ನು ಮೈಕ್ ಸೆಟ್ಟಿನವರ ಕಡೆಗೆ ಕಳಿಸುತ್ತಾರೆ. ಮದುವೆ, ಜಾತ್ರೆ, ನಾಟಕಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದ ಹಳಬರ ಮನೆಗಳಲ್ಲಿ ಟ್ರಂಕುಗಟ್ಟಲೆ ರೆಕಾರ್ಡುಗಳು ಉಳಿದಿರುವುದುಂಟು; ಲೇಬಲ್ಲಿನ ಮೇಲೆ ಸೌಂಡ್ ಸರ್ವಿಸಿನ ಹೆಸರನ್ನು ಮಸಿಯಲ್ಲಿ ಬರೆದಿರುತ್ತಾರೆ. ಅವು ಬಹುಪಾಲು ಕನ್ನಡ, ತೆಲುಗು, ಹಿಂದಿ ಚಿತ್ರಗೀತೆಗಳು. ಭಾರದ ಮುಳ್ಳಿನಡಿ ನೂರಾರು ಸಲ ತಿರುಗಿ ಕಪ್ಪು ಮೈ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಚಿತ್ರಗೀತೆಗಳ ಆಸಕ್ತಿಯಿದ್ದರೆ ಕೊಳ್ಳಿ, ರಾಕ್ ನಿರೀಕ್ಷಿಸಬೇಡಿ.

ನಮ್ಮ ಕಡೆ ರಾಕ್ ರೆಕಾರ್ಡು ಸಿಗುವುದಾದರೆ ಬೇರೆ ಊರುಗಳಿಂದ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಿ ಸಿಗುವ ಸಂಭವ ಹೆಚ್ಚು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಟಿಬಿ (ತುಂಗಭದ್ರಾ) ಡ್ಯಾಂ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿ, ಬಳ್ಳಾರಿಯ ವೈದ್ಯಕೀಯ ಕಾಲೇಜುಗಳಲ್ಲಿ ದುಡಿದು ನಿವೃತ್ತರಾದವರು ಮನೆ ಖಾಲಿ ಮಾಡುವಾಗ ಹಳೆಯ ಸಾಮಾನಿನ ಜೊತೆ ಇವೂ ಹೊರಬರುತ್ತವೆ. ಪರಿಚಯದವರ ಮೂಲಕ ಹೋಗಿ, ಮನೆಯ ಹಿರಿಯರೊಂದಿಗೆ ಕುಳಿತು ಮಾತಾಡಿ ಕೇಳಿ. ಅವರ ತಂದೆಯದೋ ಅಣ್ಣನದೋ ಸಂಗ್ರಹಕ್ಕೆ ಹೊಸಿಲಲ್ಲೇ ನಿಂತು ಬೆಲೆ ಕಟ್ಟುವುದು ಸಲ್ಲದು. ಇನ್ನು, ಹಂಪಿ ಬಳಿಯ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರು ರಾಕ್ ಕೇಳುತ್ತಿದ್ದರಲ್ಲ, ಆ ಕಡೆ ಸಿಕ್ಕೀತೇ ಎಂದು ಕೆಲವರು ಕೇಳಿದ್ದಾರೆ. ಬೆನ್ನಿಗೊಂದು ಚೀಲ ಹಾಕಿಕೊಂಡು ದೇಶ ಸುತ್ತುವವರು ಎಲ್‌ಪಿ ಹೊತ್ತು ತರುವುದಿಲ್ಲ. ಮೇಲಾಗಿ ಅಲ್ಲಿನ ರೆಸಾರ್ಟುಗಳನ್ನು 2020ರಲ್ಲೇ ತೆರವುಗೊಳಿಸಲಾಗಿದೆ.

ಹಂತ 3: ನಗರಕ್ಕೆ ಹೊರಡುವ ಮುನ್ನ

ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಬೆಂಗಳೂರು. ಅಲ್ಲಿ ಭಾನುವಾರ ಚಿಕ್ಕಪೇಟೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತ ನೆಲದ ಮೇಲೆ ಹರಡುವ ಸಂಡೇ ಬಜಾರಿಗೆ ಬಿಸಿಲೇರುವ ಮೊದಲೇ ಹೋಗಬೇಕು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಗುರುವಾರದ ಜುಮೇರಾತ್ ಬಜಾರು ಹಳೆಯ ಸಾಮಾನಿಗೆ ಹೆಸರಾದದ್ದು, ಅಲ್ಲಿ ನಮ್ಮ ಗಡಿಭಾಗದವರ ತೆಲುಗು, ಉರ್ದು ಎರಡೂ ಕೆಲಸಕ್ಕೆ ಬರುತ್ತವೆ. ರಾಯಚೂರಿನಿಂದ ಮುಂಬೈಗೂ ನೇರ ರೈಲುಗಳಿದ್ದು, ಅಲ್ಲಿನ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಹಳೆಯ ರೆಕಾರ್ಡುಗಳಿಗೆ ದೇಶದಲ್ಲೇ ಪ್ರಸಿದ್ಧ. ಹೊಸದಾಗಿ ಅಚ್ಚಾದ ರೆಕಾರ್ಡುಗಳನ್ನು ಮಾರುವ ಅಂಗಡಿಗಳೂ ಈ ನಗರಗಳಲ್ಲಿವೆ. ಒಂದು ಎಲ್‌ಪಿಗೆ ಸಾಮಾನ್ಯವಾಗಿ 2,000ದಿಂದ 4,000 ರೂಪಾಯಿ ಲೆಕ್ಕ ಇಟ್ಟುಕೊಳ್ಳಿ.

ಹೋಗುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಅಂತರ್ಜಾಲದಲ್ಲಿ ಓಡಾಡುವ ಅಂಗಡಿಗಳ ಪಟ್ಟಿಗಳು ಬಹಳ ಹಳೆಯವು. ಮುಂಬೈನ ಕಾಳಾ ಘೋಡಾದ ರಿದಮ್ ಹೌಸ್ 2016ರಲ್ಲೇ ಮುಚ್ಚಿದರೂ ಅದರ ಹೆಸರನ್ನು ಇಂದಿಗೂ ಹೇಳುವವರಿದ್ದಾರೆ.

ಎರಡನೆಯ ಸಿದ್ಧತೆ ಇನ್ನೂ ಮುಖ್ಯವಾದದ್ದು. ನಿಮಗೆ ಬೇಕಾದ ಆಲ್ಬಮ್ಮುಗಳ ಹೆಸರಿನ ಪಟ್ಟಿ ಸಾಲದು, ಕವರಿನ ಚಿತ್ರಗಳನ್ನು ನೆನಪಿಟ್ಟುಕೊಂಡು ಹೋಗಿ. ರಾಕ್ ಸಂಗೀತದ ಅತ್ಯಂತ ಬೇಡಿಕೆಯ ಕೆಲವು ಆಲ್ಬಮ್ಮುಗಳ ಮುಖಪುಟದಲ್ಲಿ ಹೆಸರೇ ಇರುವುದಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಮೇಲೆ ಕಪ್ಪು ಹಿನ್ನೆಲೆ, ಪಟ್ಟಕ, ಬಣ್ಣ ಬಣ್ಣವಾಗಿ ಒಡೆದ ಬೆಳಕು ಇಷ್ಟೇ. ಅದೇ ತಂಡದ ‘ವಿಶ್ ಯು ವರ್ ಹಿಯರ್’ (1975) ಮೇಲೆ ಇಬ್ಬರು ಕೈಕುಲುಕುತ್ತಿದ್ದು, ಅವರಲ್ಲಿ ಒಬ್ಬನ ಮೈಗೆ ಬೆಂಕಿ ಹತ್ತಿದೆ. ಲೆಡ್ ಜೆಪೆಲಿನ್ ತಂಡದ ನಾಲ್ಕನೆಯ ಆಲ್ಬಮ್ಮಿನಲ್ಲಿ (1971) ಸಿಪ್ಪೆ ಎದ್ದ ಗೋಡೆ, ಅದಕ್ಕೆ ತೂಗುಹಾಕಿದ ಚೌಕಟ್ಟಿನಲ್ಲಿ ಸೌದೆಯ ಹೊರೆ ಹೊತ್ತ ಮುದುಕ. ಬೀಟಲ್ಸ್‌ನ ‘ಆ್ಯಬಿ ರೋಡ್’ (1969) ಬ್ರಿಟಿಷ್ ಪ್ರತಿಯ ಮುಂಬದಿಯಲ್ಲಿ ರಸ್ತೆ ದಾಟುವ ನಾಲ್ವರು ಬಿಟ್ಟರೆ ಒಂದಕ್ಷರವೂ ಇಲ್ಲ. ರಾಶಿಯನ್ನು ಸರಸರನೆ ಸರಿಸುವಾಗ ಹೆಸರು ಓದುವವರ ಕೈಯಿಂದ ಇವೇ ಜಾರಿಹೋಗುವುದು.

ಹಂತ 4: ಕಣ್ಣಿನ ಪರೀಕ್ಷೆ

ಕವರನ್ನು ಬದಿಗಿಟ್ಟು ರೆಕಾರ್ಡನ್ನು ಹೊರತೆಗೆಯಿರಿ. ಅಂಚು ಮತ್ತು ನಡುವಿನ ಲೇಬಲ್ ಬಿಟ್ಟು ಬೇರೆಲ್ಲೂ ಬೆರಳು ತಾಗಬಾರದು. ಗೆರೆಗಳ ಮೇಲೆ ಬೆರಳೂರುವ ಗಿರಾಕಿಯನ್ನು ಕಂಡರೆ ಒಳ್ಳೆಯ ಅಂಗಡಿಯವರು ಒಳಗಿಟ್ಟ ಪ್ರತಿಯನ್ನು ತೋರಿಸುವುದೇ ಇಲ್ಲ.

ಮೊದಲು ಲೇಬಲ್ ಓದಿ. ಕವರಿನೊಳಗೆ ಬೇರೆಯದೇ ರೆಕಾರ್ಡು ಇರುವುದು, ಎರಡು ರೆಕಾರ್ಡಿನ ಜೋಡಿ ಆಲ್ಬಮ್ಮಿನಲ್ಲಿ ಒಂದೇ ಉಳಿದಿರುವುದು ಸಂತೆಗಳಲ್ಲಿ ತೀರ ಸಾಮಾನ್ಯ. ಆಮೇಲೆ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ಟ್ಯೂಬ್‌ಲೈಟಿಗಿಂತ ಒಂದೇ ಬಲ್ಬಿನ ಅಥವಾ ಸೂರ್ಯನ ಬೆಳಕು ಮೇಲು. ಮೊಬೈಲಿನ ಟಾರ್ಚ್ ಕೂಡ ಆದೀತು. ಕೂದಲೆಳೆಯಂಥ ಗೀರುಗಳು ಒಳಕವರಿನ ಉಜ್ಜಾಟದಿಂದ ಆದವು, ಅವು ಬಹುತೇಕ ಕೇಳಿಸುವುದಿಲ್ಲ. ಗೆರೆಗಳಿಗೆ ಅಡ್ಡಲಾಗಿ ಹೋದ, ಅಂಗಡಿಯವರ ಅನುಮತಿ ಪಡೆದು ಉಗುರಿನ ತುದಿಯನ್ನು ಹಗುರಾಗಿ ಸವರಿದರೆ ತಡೆಯುವ ಗೀರು ಮಾತ್ರ ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ. ಗೆರೆಯ ದಿಕ್ಕಿನಲ್ಲೇ ಓಡಿದ ಆಳದ ಗೀರು ಅದಕ್ಕಿಂತ ಕೆಟ್ಟದ್ದು. ಮುಳ್ಳು ಅಲ್ಲೇ ಸಿಕ್ಕಿಕೊಂಡು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತದೆ.

ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಜೇಡರಬಲೆಯಂತೆ ಹರಡಿದ ಸಣ್ಣ ಗೆರೆಗಳು ಕಾಣುತ್ತವೆಯೇ ನೋಡಿ. ಕತ್ತಲಲ್ಲಿ ತೂತು ಹುಡುಕುತ್ತ ಟರ್ನ್‌ಟೇಬಲ್ಲಿನ ಕಡ್ಡಿಗೆ ತಾಗಿಸಿದ ಗುರುತುಗಳವು. ಹೆಚ್ಚಿದ್ದಷ್ಟೂ ಹೆಚ್ಚು ಸಲ ನುಡಿದಿದೆ ಎಂದರ್ಥ. ಮೈ ಮಿರಮಿರನೆ ಹೊಳೆಯುತ್ತಿದ್ದರೂ ಈ ಗುರುತುಗಳು ದಟ್ಟವಾಗಿದ್ದರೆ ಯಾರೋ ಒರೆಸಿ ಹೊಳಪು ಕೊಟ್ಟು ಇಟ್ಟಿದ್ದಾರೆ ಎಂದು ಅನುಮಾನಿಸಿ. ಕೊನೆಗೆ ರೆಕಾರ್ಡನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ಅಂಚನ್ನು ನೋಡಿ. ಅಲೆಯಂತೆ ಬಾಗಿದ್ದರೆ ಬಿಟ್ಟುಬಿಡಿ. ಎರಡು ಗಾಜಿನ ನಡುವೆ ಇಟ್ಟು ಬಿಸಿ ಮಾಡಿದರೆ ನೆಟ್ಟಗಾಗುತ್ತದೆ ಎಂಬ ಸಲಹೆಯನ್ನು ಕೇಳಿ ಬೆಲೆಬಾಳುವ ರೆಕಾರ್ಡಿನ ಮೇಲೆ ಪ್ರಯೋಗ ಮಾಡಬೇಡಿ.

ಯಾವ ಅಚ್ಚು ಎಂಬುದನ್ನು ತಿಳಿಯಲು, ಕೊನೆಯ ಹಾಡಿನ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪಾದ ಪಟ್ಟಿಯನ್ನು ನೋಡಿ. ಅಲ್ಲಿ ಕೊರೆದ ಅಂಕಿ ಅಕ್ಷರಗಳನ್ನು ಮ್ಯಾಟ್ರಿಕ್ಸ್ ಸಂಖ್ಯೆ ಎನ್ನುತ್ತಾರೆ. ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಹುಡುಕಿದರೆ ಅದು ಯಾವ ದೇಶದ, ಯಾವ ಕಾಲದ ಅಚ್ಚು ಎಂಬುದು ಬಹುತೇಕ ಸಿಗುತ್ತದೆ. ಬೀಟಲ್ಸ್, ಪಿಂಕ್ ಫ್ಲಾಯ್ಡ್ ಮುಂತಾದವರ ಆಲ್ಬಮ್ಮುಗಳನ್ನು ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಇಲ್ಲೇ ಅಚ್ಚು ಹಾಕಿ ಮಾರುತ್ತಿತ್ತು. ಈ ಭಾರತೀಯ ಅಚ್ಚುಗಳ ಕವರು ತೆಳುವಾಗಿರಬಹುದು, ಒಳಗಿನ ಪೋಸ್ಟರು ಇಲ್ಲದಿರಬಹುದು. ಆದರೂ ಸವೆಯದ ಪ್ರತಿ ಸಿಕ್ಕರೆ ಮೊದಲ ಸಲ ಕೊಳ್ಳುವವರಿಗೆ ನಾನು ಇವನ್ನೇ ಸೂಚಿಸುತ್ತೇನೆ.

ಹಂತ 5: ಕಿವಿಯ ಪರೀಕ್ಷೆ

ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ಹಾಕಿ ಕೇಳಿಸಲು ವಿನಂತಿಸಿ. ಹೆಚ್ಚಿನವರು ಮೊದಲ ಬದಿಯ ಮೊದಲ ಹಾಡನ್ನು ಅರ್ಧ ನಿಮಿಷ ಕೇಳಿ ತಲೆಯಾಡಿಸಿಬಿಡುತ್ತಾರೆ, ದೊಡ್ಡ ತಪ್ಪು ನಡೆಯುವುದು ಇಲ್ಲೇ. ರೆಕಾರ್ಡಿನ ಸುತ್ತುವ ವೇಗ ಒಂದೇ ಆಗಿದ್ದರೂ ಒಳಗೆ ಹೋದಂತೆ ಸುತ್ತಳತೆ ಕಿರಿದಾಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯ್ದರೆ ಲೇಬಲ್ ಹತ್ತಿರ ಅದರ ಅರ್ಧಕ್ಕೂ ಕಡಿಮೆ. ಅಷ್ಟೇ ಸಂಗೀತ ಅಷ್ಟು ಕಡಿಮೆ ಜಾಗದಲ್ಲಿ ಅಡಕವಾಗಿರುವುದರಿಂದ ಸವೆತದ ಕರಕರ ಮೊದಲು ಕೇಳುವುದು ಬದಿಯ ಕೊನೆಯ ಹಾಡಿನಲ್ಲಿ.

ಆಲ್ಬಮ್ ಬಲ್ಲವರಿಗೆ ಇಲ್ಲೇ ಲಾಭ. ಲೆಡ್ ಜೆಪೆಲಿನ್ ನಾಲ್ಕನೆಯ ಆಲ್ಬಮ್ ಕೈಗೆ ಬಂದರೆ ಮೊದಲ ಬದಿಯ ಕೊನೆಯಲ್ಲಿರುವ ‘ಸ್ಟೇರ್‌ವೇ ಟು ಹೆವನ್’ ಹಾಡಿನ ಕೊನೆಯ ಎರಡು ನಿಮಿಷ ಕೇಳಿಸಲು ಹೇಳಿ. ಮೆಲ್ಲನೆ ಶುರುವಾದ ಹಾಡು ತಾರಕಕ್ಕೇರುವುದು ಅಲ್ಲೇ, ಗೆರೆ ಅತಿ ಇಕ್ಕಟ್ಟಾಗಿರುವುದೂ ಅಲ್ಲೇ. ಅಲ್ಲಿ ದನಿ ಹರಿಯದೆ ಬಂದರೆ ಆ ಬದಿಯ ಬಗ್ಗೆ ಚಿಂತೆಯಿಲ್ಲ. ‘ಡಾರ್ಕ್ ಸೈಡ್’ ಆದರೆ ತೀರ ಆರಂಭ ಕೇಳಿ: ನಿಶ್ಶಬ್ದದೊಳಗಿಂದ ಎದೆಬಡಿತದ ಸದ್ದು ಮೇಲೇಳುವ ಹೊತ್ತಿನಲ್ಲಿ ದೂಳು, ಗೀರು, ಸವೆತ ಯಾವುದೂ ಅಡಗಿಕೊಳ್ಳಲಾರದು. ಬ್ಲ್ಯಾಕ್ ಸಬ್ಬತ್ ತಂಡದ 1970ರ ಮೊದಲ ಆಲ್ಬಮ್ಮು ಶುರುವಾಗುವುದೇ ಮಳೆಯ ಸದ್ದಿನಿಂದ. ಆ ಜಾಗದಲ್ಲಿ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಮಳೆ ಯಾವುದು ಚಿಟಪಟ ಯಾವುದು ಎಂದು ತಿಳಿಯುವುದಿಲ್ಲ.

ದೋಷವಲ್ಲದ್ದನ್ನು ದೋಷವೆಂದು ತಿಳಿಯುವ ಅಪಾಯವೂ ಇದೆ. ‘ಆ್ಯಬಿ ರೋಡ್’ ಮೊದಲ ಬದಿಯ ಕೊನೆಯ ಹಾಡು ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಅದು ತಂಡವೇ ಮಾಡಿದ ಆಯ್ಕೆ. ಅದರ ಎರಡನೆಯ ಬದಿಯಲ್ಲಿ ಎಲ್ಲ ಮುಗಿಯಿತೆನ್ನುವಾಗ ಕೆಲವು ಸೆಕೆಂಡುಗಳ ಮೌನದ ಬಳಿಕ ಪುಟ್ಟ ಹಾಡೊಂದು ಬರುತ್ತದೆ, ಮುಳ್ಳು ಎತ್ತಲು ಅವಸರಪಡಬೇಡಿ. ಬೀಟಲ್ಸ್‌ನದೇ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನ ಮೂಲ ಬ್ರಿಟಿಷ್ ಅಚ್ಚಿನಲ್ಲಿ ಕೊನೆಯ ಗೆರೆಯೊಳಗೇ ಅರ್ಥವಿಲ್ಲದ ಮಾತುಗಳನ್ನು ಕೆತ್ತಿದ್ದಾರೆ, ಕೈಯಿಂದ ಎತ್ತುವವರೆಗೂ ಅದು ಗೊಣಗುತ್ತಲೇ ಇರುತ್ತದೆ. ಡೈರ್ ಸ್ಟ್ರೇಟ್ಸ್ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’ (1985) ಹಳೆಯ ಎಲ್‌ಪಿಯಲ್ಲಿ ಕೆಲವು ಹಾಡುಗಳು ಸಿ.ಡಿ.ಗಿಂತ ಚಿಕ್ಕವಾಗಿವೆ. ಒಂದೇ ರೆಕಾರ್ಡಿನ ಎರಡು ಬದಿಗಳಲ್ಲಿ ಹಿಡಿಸಲೆಂದು ಹಾಗೆ ಮೊಟಕುಗೊಳಿಸಿದರು.

ಹಂತ 6: ಮಾತು ಮತ್ತು ಬೆಲೆ

ಅಂಗಡಿಗೆ ಕಾಲಿಟ್ಟೊಡನೆ “ಇದೆಷ್ಟು, ಅದೆಷ್ಟು” ಎಂದು ಶುರುಮಾಡಬೇಡಿ. “ಯಜಮಾನ್ರೇ, ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್ ಹುಡುಕ್ತಾ ಇದ್ದೀನಿ, ಇಂಡಿಯನ್ ಅಚ್ಚು ಆದ್ರೂ ನಡೀತದೆ, ಸ್ವಲ್ಪ ತೋರಿಸ್ತೀರಾ?” ಎಂದರೆ ಎದುರಿನವರಿಗೆ ನಿಮ್ಮ ಅಂದಾಜು ಸಿಗುತ್ತದೆ. ನಿಮ್ಮ ಮೆಚ್ಚಿನ ಹಾಡನ್ನು ಹೊಗಳುವುದಕ್ಕಿಂತ ಆಲ್ಬಮ್ಮಿನ ಬದಿಗಳ ಬಗ್ಗೆ, ಯಾವ ಅಚ್ಚಿನಲ್ಲಿ ಮಂದ್ರ ತುಂಬಿಕೊಂಡು ಕೇಳುತ್ತದೆ ಎಂಬ ಬಗ್ಗೆ ಕೇಳಿ. ಹಳೆಯ ವ್ಯಾಪಾರಿಗಳು ಇಂಥ ವಿಷಯದಲ್ಲಿ ಧಾರಾಳವಾಗಿ ಹೇಳಿಕೊಡುತ್ತಾರೆ. ನಮ್ಮ ದೇಶದ ಎಳೆ ಹಿಡಿದರೆ ಮಾತು ಇನ್ನೂ ಬೆಳೆಯುತ್ತದೆ. 1968ರ ಆರಂಭದಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬಾಂಬೆಯ ಎಚ್‌ಎಂವಿ ಸ್ಟುಡಿಯೊದಲ್ಲಿ ನಮ್ಮ ವಾದ್ಯಗಾರರನ್ನು ಕೂರಿಸಿ ಮುದ್ರಣ ಮಾಡಿದ್ದರು. ಅದೇ ವರ್ಷ ಬೀಟಲ್ಸ್ ಹೃಷಿಕೇಶದಲ್ಲಿದ್ದಾಗ ಬರೆದ ಹಲವು ಹಾಡುಗಳು ಬಿಳಿ ಕವರಿನ ಜೋಡಿ ಆಲ್ಬಮ್ಮಿಗೆ ಬಂದವು.

ರೆಕಾರ್ಡಿನ ಸ್ಥಿತಿ ಹೇಳಲು ವ್ಯಾಪಾರಿಗಳು ಒಂದು ಶ್ರೇಣಿಯನ್ನು ಬಳಸುತ್ತಾರೆ: ಮಿಂಟ್, ನಿಯರ್ ಮಿಂಟ್, ವಿ.ಜಿ. (ವೆರಿ ಗುಡ್) ಪ್ಲಸ್, ವಿ.ಜಿ., ಗುಡ್. ಇಲ್ಲಿ ‘ಗುಡ್’ ಎಂದರೆ ಒಳ್ಳೆಯದೆಂದು ತಿಳಿದು ಮೋಸಹೋಗಬೇಡಿ. ಅದು ಗೀರುಬಿದ್ದ, ಉದ್ದಕ್ಕೂ ಸದ್ದು ಮಾಡುವ ರೆಕಾರ್ಡು. ಕೇಳಲು ಕೊಳ್ಳುವವರು ವಿ.ಜಿ. ಪ್ಲಸ್‌ಗಿಂತ ಕೆಳಗೆ ಇಳಿಯದಿರುವುದು ಕ್ಷೇಮ.

ಚೌಕಾಸಿಗೆ ಕಾರಣ ಬೇಕು. ಗೀರು, ಹರಿದ ಕವರು, ಇಲ್ಲದ ಒಳಕವರು ತೋರಿಸಿ ಇಳಿಸಲು ಕೇಳುವುದು ನ್ಯಾಯ. ಡಿಸ್ಕಾಗ್ಸ್‌ನ ವಿದೇಶಿ ಬೆಲೆ ತೋರಿಸಿ ವಾದಿಸುವುದು ಬೇಡ. ಅದಕ್ಕೆ ಅಂಚೆ ವೆಚ್ಚವೂ ಸುಂಕವೂ ಸೇರಿದರೆ ಲೆಕ್ಕ ಬೇರೆಯೇ ಆಗುತ್ತದೆ. ಮೂರು ನಾಲ್ಕನ್ನು ಒಟ್ಟಿಗೆ ಆರಿಸಿ ಒಂದೇ ಮೊತ್ತಕ್ಕೆ ಮಾತಾಡಿದರೆ ಸಾಮಾನ್ಯವಾಗಿ ಇಬ್ಬರಿಗೂ ಸಮಾಧಾನ. ಬಣ್ಣದ ಪ್ಲಾಸ್ಟಿಕ್ಕಿನ, ಕಂಪನಿಯ ಹೆಸರಿಲ್ಲದ, ಮ್ಯಾಟ್ರಿಕ್ಸ್ ಸಂಖ್ಯೆ ಹೊಂದದ ಹೊಸ ರೆಕಾರ್ಡುಗಳನ್ನು ಅಪರೂಪದ್ದೆಂದು ಹೇಳಿದರೆ ನಂಬಬೇಡಿ, ಸಿ.ಡಿ.ಯಿಂದಲೇ ಕಳ್ಳ ಅಚ್ಚು ಹಾಕಿದವು ಹಲವಿವೆ.

ಹಂತ 7: ಬಳ್ಳಾರಿಯ ಬಿಸಿಲಿಗೆ ತರುವುದು, ಇಡುವುದು

ಎಲ್‌ಪಿಯ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬಾಗಲು ಶುರುವಾಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ದಾಟುವಾಗ, ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಅಷ್ಟು ಕಾವು ಏರುವುದು ಕಷ್ಟವೇನಲ್ಲ. ಬಸ್ಸಿನ ಡಿಕ್ಕಿಗೆ ಹಾಕಲೇಬೇಡಿ. ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು ಕಟ್ಟಿ, ಕೈಯಲ್ಲೇ ನೆಟ್ಟಗೆ ಹಿಡಿದು ತನ್ನಿ. ಸಾಧ್ಯವಾದರೆ ರಾತ್ರಿಯ ರೈಲೇ ಉತ್ತಮ.

ಮನೆಯಲ್ಲಿ ಪುಸ್ತಕದಂತೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬಾರದು. ತಗಡಿನ ಮಾಡಿನ ಕೋಣೆ, ಅಟ್ಟ, ಸಂಜೆ ಬಿಸಿಲು ಬೀಳುವ ಪಡುವಣ ಗೋಡೆ ಮೂರೂ ಬೇಡ. ಅದಿರು ಲಾರಿಗಳು ಓಡಾಡುವ ಕಡೆ ಮನೆಯಿದ್ದರೆ ಕೆಂಪು ದೂಳು ಯಾವ ಬೀರುವನ್ನೂ ಬಿಡುವುದಿಲ್ಲ. ಆ ದೂಳಿನ ಮೇಲೆ ಮುಳ್ಳು ಓಡಿದರೆ ಗೆರೆ ಉಜ್ಜಿಹೋಗುತ್ತದೆ. ಆದ್ದರಿಂದ ಪ್ರತಿ ಸಲ ಹಾಕುವ ಮುನ್ನ ಕಾರ್ಬನ್ ನಾರಿನ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲಿ ಒರೆಸಿ. ಹಳೆಯ ಕೊಳೆಗೆ ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆಯ ಮೈಕ್ರೊಫೈಬರ್ ಬಟ್ಟೆಯಿಂದ ಲೇಬಲ್ ನೆನೆಯದಂತೆ ಒರೆಸಿ, ಮತ್ತೆ ಬರೀ ಡಿಸ್ಟಿಲ್ಡ್ ವಾಟರಿನಿಂದ ತೊಳೆದು ನೆರಳಲ್ಲಿ ಒಣಗಿಸಿ. ಬೋರಿನ ನೀರು ಬೇಡ, ಅದರ ಸುಣ್ಣ ಗೆರೆಯಲ್ಲೇ ಉಳಿಯುತ್ತದೆ. ಮೈಕ್ ಸೆಟ್ಟಿನ ಟ್ರಂಕಿನಿಂದ ಅರಗಿನ 78ರ ಪ್ಲೇಟುಗಳನ್ನೂ ತಂದಿದ್ದರೆ ಅವಕ್ಕೆ ಸ್ಪಿರಿಟ್ ಅಥವಾ ಆಲ್ಕೊಹಾಲ್ ಸೋಕಿಸಬೇಡಿ, ಅರಗು ಕರಗಿಹೋಗುತ್ತದೆ. ಎಲ್‌ಪಿಯ ಮುಳ್ಳಿನಲ್ಲಿ ಅವನ್ನು ನುಡಿಸಲೂ ಬೇಡಿ. 78ರ ಗೆರೆ ಮೂರು ಪಟ್ಟು ಅಗಲವಾದ್ದರಿಂದ ಅದಕ್ಕೆ ಬೇರೆಯೇ ಮುಳ್ಳು ಬೇಕು.

ಸ್ನೇಹಿತರಿಗೆ ಎರವಲು ಕೊಡುವ ಪ್ರಸಂಗ ಬಂದೇ ಬರುತ್ತದೆ. ಅವರ ಪ್ಲೇಯರಿನ ಮುಳ್ಳನ್ನು ಬದಲಿಸಿ ಎಷ್ಟು ಕಾಲವಾಯಿತೆಂದು ಸಂಕೋಚವಿಲ್ಲದೆ ಕೇಳಿ. ಉತ್ತರ ತಡವರಿಸಿದರೆ ರೆಕಾರ್ಡು ಕೊಡುವ ಬದಲು ಭಾನುವಾರ ಸಂಜೆ ಅವರನ್ನೇ ಮನೆಗೆ ಕರೆದು, ಒಂದು ಬದಿಯನ್ನು ಪೂರ್ತಿಯಾಗಿ ಹಾಕಿ ಕೇಳಿಸಿ.